ನೀಲಿ ಹಗ್ಗದ ಚಪ್ಪರ

ನೊಣವಿನಕೆರೆ ಸುತ್ತಿನ ಹಳ್ಳಿಗಳಲ್ಲಿ ಚಪ್ಪರ ಎಂದರೆ ಬೋರಯ್ಯ. ಹಸಿ ತೆಂಗಿನ ಗರಿಯನ್ನು ಉದ್ದಕ್ಕೆ ಸೀಳಿ, ಕುಕ್ಕರುಗಾಲಲ್ಲಿ ಕೂತು ಹೆಣೆಯತೊಡಗಿದನೆಂದರೆ ಮಾತಾಡಿಸಿದವರಿಗೂ ತಲೆ ಎತ್ತದೆ ಉತ್ತರ ಕೊಡುತ್ತಿದ್ದ. ಅವನ ಚಪ್ಪರದಲ್ಲಿ ಮದುವೆಯಾದವರ ಮಕ್ಕಳೂ ಅವನ ಚಪ್ಪರದಲ್ಲೇ ಮದುವೆಯಾಗಿದ್ದರು. ಬಿದ್ದ ಚಪ್ಪರ ತನ್ನ ಜಾತಕದಲ್ಲೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ. ಹೆಮ್ಮೆ ತುಸು ಜಾಸ್ತಿಯೇ ಇತ್ತು ಅನ್ನಿ.

ತಿಪಟೂರಿನ ಹೊರವಲಯದ ಕಾಲೇಜಿಗೂ ಅವನದೇ ಚಪ್ಪರ. ಅಲ್ಲಿನ ಸಭಾಂಗಣದಲ್ಲಿ ಇನ್ನೂರು ಜನ ಕೂತರೆ ಇನ್ನೂರೊಂದನೆಯವನು ಕಿಟಕಿಯಲ್ಲಿ ನೇತಾಡಬೇಕು. ಹಾಗಾಗಿ ವಿಚಾರಸಂಕಿರಣವಿರಲಿ, ನಾಟಕವಿರಲಿ, ಸುತ್ತಲಿನ ಊರವರನ್ನೆಲ್ಲ ಕರೆಯುವ ವಾರ್ಷಿಕೋತ್ಸವವಿರಲಿ, ಬಯಲಿನಲ್ಲಿ ಗರಿ ಏರಲೇಬೇಕಿತ್ತು. ಮೊಮ್ಮಗಳು ಯೋಗಿತಾ ಅದೇ ಕಾಲೇಜಿಗೆ ಬಿ.ಎ. ಸೇರಿದ ಮೇಲಂತೂ ಬೋರಯ್ಯನಿಗೆ ಆ ಬಯಲು ಸ್ವಂತ ತೋಟದ ಹಾಗಾಗಿತ್ತು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ತೊಂಬತ್ತೆಂಟರ ಮಾರ್ಚಿನ ಉತ್ಸವದಲ್ಲಿ ವೇದಿಕೆಯ ನಿರೂಪಣೆಯೂ ಅವಳದೇ.

ಆ ವರ್ಷ ಸಾಂಸ್ಕೃತಿಕ ಸಮಿತಿಯ ಮೇಷ್ಟ್ರು ಶ್ರೀರಂಗಯ್ಯನವರು ತೆಂಗಿನ ನಾರಿನ ಹುರಿ ಬೇಡವೆಂದರು. ಹಿಂದಿನ ವರ್ಷ ಅದರ ಜುಂಗು ಉದುರಿ ಅತಿಥಿಗಳ ಕೋಟಿನ ಮೇಲೆಲ್ಲ ಬಿದ್ದಿತ್ತಂತೆ. ಬದಲಿಗೆ ಹೊಸದಾಗಿ ಬಂದಿದ್ದ ನೀಲಿ ಪ್ಲಾಸ್ಟಿಕ್ ಹಗ್ಗದ ಸುರುಳಿಗಳನ್ನು ತರಿಸಿಟ್ಟಿದ್ದರು. ಇದು ನನಗೆ ಪಳಗಿದ ಹಗ್ಗವಲ್ಲ ಎನ್ನಲು ಬೋರಯ್ಯನಿಗೆ ನಾಲಿಗೆ ಬರಲಿಲ್ಲ. ಓದಿದವರ ಮುಂದೆ ಹಳೇ ಕಾಲದವನು ಅನ್ನಿಸಿಕೊಳ್ಳುವುದು ಅವನಿಗೆ ಸಾವಿನ ಸಮ. ಜೊತೆಗಾರ ಕೆಂಚಯ್ಯ ಅನುಮಾನಪಟ್ಟಾಗ ಅವನನ್ನೇ ಗದರಿ, ನಲವತ್ತು ವರ್ಷದಿಂದ ಹಾಕುತ್ತಿದ್ದ ಗಂಟನ್ನೇ ಹಾಕಿದ: ಎರಡು ಸುತ್ತು, ಒಂದು ಸಿಕ್ಕಿಸು, ಅಷ್ಟೇ. ನಾರಿನ ಹುರಿಗೆ ಅಷ್ಟು ಸಾಕು, ಅದು ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಹಲ್ಲೆಲ್ಲಿಂದ ಬರಬೇಕು?

ಉತ್ಸವದ ದಿನ ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆ ಶುರುವಾಯಿತು. ಆರುನೂರು ಜನ ಕೂತಿದ್ದರು. ವೇದಿಕೆಯ ಮಗ್ಗುಲಿನ ದೊಡ್ಡ ಕಂಬಕ್ಕೆ ಒರಗಿ ನಿಂತು ಮೊಮ್ಮಗಳ ದನಿ ಕೇಳುತ್ತಿದ್ದ ಬೋರಯ್ಯನ ಕಿವಿಗೆ ಸರಕ್ಕೆಂದು ಒಂದು ಸದ್ದು ಬಿತ್ತು. ತಲೆ ಎತ್ತಿ ನೋಡಿದ. ನಡುತೊಲೆ ಕಟ್ಟಿದ ಜಾಗದಿಂದ ಗೇಣುದ್ದ ಕೆಳಗಿಳಿದಿತ್ತು. ಹಸಿ ಗರಿಯ ಭಾರವೆಲ್ಲ ಆ ತೊಲೆಯ ಮೇಲೆ, ತೊಲೆಯ ಕೆಳಗೆ ಹೆಣ್ಣುಮಕ್ಕಳ ಸಾಲು, ಅದರಾಚೆ ಮೈಕಿನ ಮುಂದೆ ಯೋಗಿತಾ.

ಜೋತುಬಿದ್ದಿದ್ದ ಹಗ್ಗದ ತುದಿಯನ್ನು ಜಗ್ಗಿ, ಕಂಬಕ್ಕೆ ಎರಡು ಸಲ ಸುತ್ತಿ ಗಂಟು ಹಾಕಿ ನೋಡಿದ. ಕೈ ಸಡಿಲಿಸಿದರೆ ಸಾಕು, ಜಾರುತ್ತಿತ್ತು. ಕೊನೆಗೆ ತುದಿಯನ್ನು ಮುಂಗೈಗೇ ಸುತ್ತಿಕೊಂಡು, ಕಂಬಕ್ಕೆ ಪಾದ ಊರಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತುಬಿಟ್ಟ. ನೋಡಿದವರಿಗೆ ಮುದುಕ ಕಂಬ ಹಿಡಿದು ಕಾರ್ಯಕ್ರಮ ನೋಡುತ್ತಿದ್ದಾನೆ, ಅಷ್ಟೇ.

ಕೂಗಿಬಿಡಬಹುದಿತ್ತು. ಕೂಗಿದರೆ ಜನ ಎದ್ದು ಓಡಿ, ಕಂಬಗಳಿಗೆ ಡಿಕ್ಕಿ ಹೊಡೆದು ಎಲ್ಲವೂ ಒಟ್ಟಿಗೆ ಕುಸಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೂ ಅಲ್ಲ. ಆದರೆ ಪಕ್ಕದಲ್ಲಿ ಹಾದುಹೋದ ಮೇಷ್ಟ್ರ ಕಿವಿಯಲ್ಲಿ ಮೆಲ್ಲಗೆ ಒಂದು ಮಾತು ಹೇಳಲು ಯಾರ ಅಡ್ಡಿಯಿತ್ತು? ಶ್ರೀರಂಗಯ್ಯನವರು ಮೂರು ಸಲ ಹಾದುಹೋದರು. ಮೂರು ಸಲವೂ ಬೋರಯ್ಯ ಹಲ್ಲು ಕಿರಿದ. ಬೋರಯ್ಯನ ಚಪ್ಪರ ಬಿತ್ತು ಎಂದು ಸಂತೆಯಲ್ಲಿ ಜನ ಆಡಿಕೊಳ್ಳುವುದು ಅವನ ಕಿವಿಗೆ ಆಗಲೇ ಕೇಳುತ್ತಿತ್ತು.

ಜಾನಪದದ ಮೇಲೆ ಒಬ್ಬರು ಮುಕ್ಕಾಲು ಗಂಟೆ ಪ್ರಬಂಧ ಓದಿದರು. ಇನ್ನೊಬ್ಬರು ಅದನ್ನು ಅಷ್ಟೇ ಹೊತ್ತು ಖಂಡಿಸಿದರು. ಹುಡುಗಿಯರು ಕೋಲಾಟ ಆಡಿದಾಗ ಹಲಗೆ ಅದುರಿ, ಕಂಬ ಅದುರಿ, ಹಗ್ಗ ಅವನ ಚರ್ಮ ಸೀಳಿತು. ಬೆರಳುಗಳು ಕಪ್ಪಗಾಗಿ ಮರಗಟ್ಟಿದವು. ಪ್ರತಿ ಚಪ್ಪಾಳೆಗೂ ಪ್ರಾಣ ಬಾಯಿಗೆ ಬರುತ್ತಿತ್ತು. ಊರದೇವತೆಗೆ ಹರಕೆಯ ಮೇಲೆ ಹರಕೆ ಹೊತ್ತ, ಬಾಯಿ ಮಾತ್ರ ಬಿಡಲಿಲ್ಲ.

ಹನ್ನೆರಡು ದಾಟಿತ್ತು. ಆಗ ಪ್ರಿನ್ಸಿಪಾಲರು ಎದ್ದು, ಇಷ್ಟು ವರ್ಷ ಕಾಲೇಜಿಗೆ ನೆರಳು ಕೊಟ್ಟ ಹಿರಿಯರೊಬ್ಬರಿಗೆ ಇವತ್ತು ಸನ್ಮಾನ ಮಾಡುತ್ತೇವೆ ಎಂದು ಬೋರಯ್ಯನ ಹೆಸರು ಕರೆದರು. ಯೋಗಿತಾ ಇದನ್ನು ಒಂದು ವಾರದಿಂದ ಮುಚ್ಚಿಟ್ಟಿದ್ದಳು. ಜನ ಹೋ ಎಂದರು. ಬೋರಯ್ಯ ತಲೆಯಾಡಿಸಿ ಬೇಡವೆಂದ. ನಮ್ಮ ಕಡೆ ಹಿರಿಯರು ಮೂರು ಸಲ ಬೇಡ ಅನ್ನಬೇಕು, ಕಿರಿಯರು ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕು, ಅದೇ ಮರ್ಯಾದೆ. ನಾಲ್ಕು ಜನ ವಿದ್ಯಾರ್ಥಿಗಳು ನಗುತ್ತ ಅವನ ಕಡೆ ಬರತೊಡಗಿದರು. ಅವರಿಗಿಂತ ಮೊದಲು ಯೋಗಿತಾಳೇ ವೇದಿಕೆಯಿಂದ ಜಿಗಿದು ಬಂದು ಅವನ ತೋಳಿಗೆ ಕೈ ಹಾಕಿದಳು.

"ಎಳೀಬ್ಯಾಡ ಕಣವ್ವ," ಅಂದ ಬೋರಯ್ಯ, ತುಟಿ ಅಲುಗದ ಹಾಗೆ. "ನಾನು ಕೈ ಬುಟ್ರೆ ತೊಲೆ ಬೀಳ್ತದೆ."

ಅವಳು ಅವನ ಮುಂಗೈ ನೋಡಿದಳು, ಮೇಲೆ ನೋಡಿದಳು. ಮುಖದ ನಗು ಹಾಗೇ ಇಟ್ಟುಕೊಂಡು ಹುಡುಗರಿಗೆ ಏನೋ ಪಿಸುಗುಟ್ಟಿದಳು. ನಾಲ್ವರ ಮುಖವೂ ಬಿಳಿಚಿತು. ಮರುಗಳಿಗೆ ಅವರೂ ಹಗ್ಗಕ್ಕೆ ಕೈ ಕೊಟ್ಟರು. ಅವಳು ಮೈಕಿಗೆ ಹಿಂತಿರುಗಿ, ತಾತನಿಗೆ ಸನ್ಮಾನ ಹೊರಗೆ ತೆಂಗಿನ ಮರದ ಕೆಳಗೆ ನಡೆಯುತ್ತದೆ, ಎಲ್ಲರ ಜೊತೆ ಫೋಟೋ ತೆಗೆಸುತ್ತೇವೆ, ಹಿಂದಿನ ಸಾಲಿನವರು ಮೊದಲು ಏಳಿ, ಯಾರೂ ಅವಸರ ಮಾಡಬೇಡಿ ಎಂದಳು. ಫೋಟೋ ಅಂದರೆ ಬೇಡವೆನ್ನುವವರು ಯಾರು? ಸಾಲುಸಾಲಾಗಿ ಎದ್ದು ಹೋದರು. ಕೊನೆಗೆ ಅತಿಥಿಗಳೂ ಇಳಿದು ಹೋದರು.

ಹುಡುಗರು ಬೋರಯ್ಯನ ಮುಂಗೈಯ ಸುತ್ತು ಬಿಡಿಸಿ, ಅವನನ್ನು ಸೊಂಟ ಹಿಡಿದು ಆಚೆಗೆಳೆದುಕೊಂಡು ಹಗ್ಗ ಬಿಟ್ಟರು. ತೊಲೆ ಹೆಣ್ಣುಮಕ್ಕಳು ಕೂತಿದ್ದ ಕುರ್ಚಿಗಳ ಮೇಲೆ ಬಿತ್ತು. ಅದರ ಹಿಂದೆಯೇ ಅರ್ಧ ಚಪ್ಪರ ಕುಸಿಯಿತು.

ಧೂಳು ಇಳಿದಾಗ ಜನ ಬೋರಯ್ಯನನ್ನು ಮುತ್ತಿಕೊಂಡರು. ಲಕ್ಷ್ಮಿದೇವಮ್ಮ ಎಂಬ ತಾಯಿ ಮಗಳನ್ನು ಮುಂದೆ ತಳ್ಳಿ ಅವನ ಕಾಲಿಗೆ ಬೀಳಿಸಿದರು. ಪುಣ್ಯಾತ್ಮ, ಆರುನೂರು ಜನರ ಪ್ರಾಣ ಒಂದೇ ಕೈಯಲ್ಲಿ ಹಿಡಿದಿದ್ದ ಎಂದು ಶ್ರೀರಂಗಯ್ಯನವರು ಗದ್ಗದಿತರಾದರು. ಯೋಗಿತಾ ತನ್ನ ದುಪಟ್ಟಾ ಹರಿದು ಅವನ ಮುಂಗೈಗೆ ಕಟ್ಟುತ್ತಿದ್ದಳು. ಹಗ್ಗ ಎಷ್ಟು ಆಳಕ್ಕೆ ಇಳಿದಿದೆ ಎಂದು ಕಂಡ ಮೇಲೆ ಅವಳ ಕೈ ನಿಂತಿತು.

"ಯಾವಾಗ್ಲಿಂದ ಹಿಡ್ಕೊಂಡಿದ್ದೆ ತಾತ?"

"ಪ್ರಾರ್ಥನೆ ಹೊತ್ನಿಂದ."

"ಹೇಳ್ಬೌದಿತ್ತಲ್ಲ."

ಅವಳು ಬಟ್ಟೆಯ ಗಂಟು ಬಿಗಿದು ಎದ್ದುನಿಂತಳು. ಅವನ ಮುಖ ನೋಡಲಿಲ್ಲ. ಅಷ್ಟು ಹೊತ್ತಿನ ಭಯದಲ್ಲೂ ಬಾರದ ಅಳು ಮುದುಕನಿಗೆ ಆಗ ಒತ್ತರಿಸಿ ಬಂತು.

ಪ್ರಿನ್ಸಿಪಾಲರು ಶಾಲು ಬಿಡಿಸಿ ಹೆಗಲ ಹತ್ತಿರ ತಂದರು. ಜನ ಚಪ್ಪಾಳೆ ತಟ್ಟತೊಡಗಿದರು. ಬೋರಯ್ಯ ಕಟ್ಟುಹಾಕಿದ ಕೈಯಿಂದ ಅದನ್ನು ತಡೆದ. ಮತ್ತೆ ಸಂಕೋಚವೆಂದುಕೊಂಡು ಅವರು ಬಲವಂತ ಮಾಡಿದರು.

"ಬ್ಯಾಡ ಸಾ," ಅಂದ ಬೋರಯ್ಯ, ಎಲ್ಲರಿಗೂ ಕೇಳುವ ಹಾಗೆ. "ಬೀಳ್ತದೆ ಅಂತ ನಂಗೆ ಹತ್ತು ಗಂಟೆಗೇ ಗೊತ್ತಿತ್ತು. ನನ್ನ ಮರ್ವಾದೆ ಹೋಯ್ತದೆ ಅಂತ, ಇವರನ್ನೆಲ್ಲಾ ಅದ್ರ ಕೆಳಗೇ ಕೂರಿಸಿದ್ದೆ."

ಚಪ್ಪಾಳೆ ನಿಂತಿತು. ಲಕ್ಷ್ಮಿದೇವಮ್ಮ ಮಗಳ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು.