ಬ್ಯಾಗಿಗೂ ವಿಶ್ರಾಂತಿ ಬೇಕಂತೆ

ಗಲ್ಫ್ ನಾಡಿನ ಹತ್ತಾ ಎಂಬ ಊರಿನ ಬೆಟ್ಟದ ಚಾರಣದ ದಾರಿಯಲ್ಲಿದ್ದ ಒಂದೇ ಒಂದು ಚಪ್ಪರಕ್ಕೆ ನಾವು ತಲುಪಿದಾಗ ಬೆಂಚುಗಳ ತುಂಬ ಬ್ಯಾಗುಗಳು ಕುಳಿತಿದ್ದವು. ಕಂಬಗಳ ಮೇಲೆ ಕಾಲುಚೀಲಗಳು ಒಣಗುತ್ತಿದ್ದವು. ಉಡುಪಿಯಿಂದ ಬಂದಿದ್ದ ನನ್ನ ಅತ್ತೆ ಮೊಣಕಾಲು ಹಿಡಿದು ನಿಂತುಬಿಟ್ಟರು. ಅವರು ಕೂರಲು ಒಂದು ಬ್ಯಾಗ್ ಇಳಿಸುತ್ತೀರಾ ಎಂದು ಅಲ್ಲಿದ್ದ ಚಾರಣಿಗರ ತಂಡವನ್ನು ಕೇಳಿದೆ.

"ಆಂಟಿ, ನಾವು ಮೂರು ದಿನದಿಂದ ನಡೀತಿದ್ದೀವಿ. ಬ್ಯಾಗಿಗೂ ರೆಸ್ಟ್ ಬೇಕಲ್ವಾ?" ಎಂದು ಅತ್ತೆಗೆ ಹೇಳಿದರು ಬೆಂಗಳೂರು ಕಡೆಯ ಆ ತಂಡದ ನಾಯಕರು.

"ನನ್ನ ಮೊಣಕಾಲು ಹುಟ್ಟಿದಾಗಿಂದ ನಡೀತಾ ಉಂಟು ಮಗಾ," ಎಂದರು ಅತ್ತೆ. "ಅದಕ್ಕೆಲ್ಲಿ ರೆಸ್ಟ್?"

ತಂಡದಲ್ಲಿ ಯಾರೋ ಕಿಸಕ್ಕೆಂದರು. ನಾಯಕರು ಇದ್ದುದರಲ್ಲೇ ಚಿಕ್ಕ ಬ್ಯಾಗನ್ನು ಹುಡುಕಿ, ಮಲಗಿದ ಮಗುವನ್ನು ಎತ್ತುವಂತೆ ಕೆಳಗಿಳಿಸಿದರು.

ದೂರ ನಡೆಯುವವರ ಮೇಲೆ ನನಗೆ ಈಗಲೂ ಗೌರವವಿದೆ. ಅಷ್ಟು ಬೆಟ್ಟಗಳನ್ನು ದಾಟಿ ಬಂದವರಿಗೆ ಬೆಂಚಿನಿಂದ ನೆಲದವರೆಗಿನ ದಾರಿ ಮಾತ್ರ ಯಾಕೆ ಅಷ್ಟು ಕಡಿದಾಯಿತೋ, ತಿಳಿಯದು.