ಗುಬ್ಬಿಯಿಂದ ಬಂದ ದನಿ

ತುಮಕೂರಿನ ಒಂದು ಪುಟ್ಟ ಸಮುದಾಯ ರೇಡಿಯೊದಲ್ಲಿ ನಾನು ಮಧ್ಯಾಹ್ನದ ಮಾತುಕತೆ ಕಾರ್ಯಕ್ರಮ ನಡೆಸುತ್ತಿದ್ದೆ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ದಿನಗಳು. ನಮ್ಮ ಪ್ರಸಾರ ಹೆಚ್ಚು ದೂರ ಹೋಗುತ್ತಿರಲಿಲ್ಲ. ಗುಬ್ಬಿಯಲ್ಲಿ ಗಾಳಿ ಚೆನ್ನಾಗಿದ್ದರೆ ಕೇಳಿಸುತ್ತದೆ ಅನ್ನುತ್ತಿದ್ದರು, ಕುಣಿಗಲ್ಲಿಗಂತೂ ಮುಟ್ಟುತ್ತಲೇ ಇರಲಿಲ್ಲ. ಊದುಬತ್ತಿ ಹೊಸೆಯುವವರು, ಟೈಲರುಗಳು, ಅಡುಗೆ ಮುಗಿಸಿ ಕೂತ ಹೆಂಗಸರು ನಮ್ಮ ಕೇಳುಗರು. ನಾನೊಂದು ವಿಷಯ ಹೇಳುತ್ತಿದ್ದೆ, ಅವರು ಫೋನ್ ಮಾಡಿ ಮಾತಾಡುತ್ತಿದ್ದರು.

ಅವತ್ತಿನ ವಿಷಯ, ಚಿಕ್ಕಂದಿನಲ್ಲಿ ಕೇಳಿದ ಶಬ್ದಗಳು. ಒಬ್ಬರು ರಾಗಿ ಬೀಸುವ ಕಲ್ಲಿನ ಬಗ್ಗೆ ಹೇಳಿದರು, ಇನ್ನೊಬ್ಬರು ರೈಲಿನ ಬಗ್ಗೆ. ಕೊನೆಗೆ ಗುಬ್ಬಿಯಿಂದ ಒಬ್ಬ ಗಂಡಸಿನ ಕರೆ ಬಂತು. ‘ನಮ್ಮಪ್ಪ ಹಾಸಿಗೆ ಮಾಡೋರು ಮೇಡಂ. ಹತ್ತಿ ಎಕ್ಕಿ ಬಿಡಿಸೋ ಬಿಲ್ಲು, ಟೊಂಯ್ ಟೊಂಯ್ ಅನ್ನೋದು’ ಅಂದ. ಆ ಶಬ್ದವನ್ನು ಅವನು ಬಾಯಲ್ಲಿ ಎಷ್ಟು ಸರಿಯಾಗಿ ಹೊರಡಿಸಿದನೆಂದರೆ, ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗಿನ ಸಹೋದ್ಯೋಗಿ ತಲೆಯೆತ್ತಿ ನೋಡಿದಳು. ‘ಒಂದಿನ ಹತ್ತಿ ಗುಡ್ಡೆಯೊಳಗೇ ಮಲಗ್ಬಿಟ್ಟಿದ್ದೆ. ಬೀದಿಯೋರೆಲ್ಲ ಹುಡುಕಿದ್ರು. ಅವತ್ತಿಂದ ಅಮ್ಮಿ ನನ್ ಕಾಲಿಗೆ ಆಡಿನ ಗೆಜ್ಜೆ ಕಟ್ಟಿದ್ರು.’ ಮಾತಿನ ನಡುವೆ ಗಂಟಲಲ್ಲಿ ಎಳೆ ಸಿಕ್ಕಿಕೊಂಡವನಂತೆ ತಡೆದು, ಆಮೇಲೆ ನಗುತ್ತಿದ್ದ. ನಾನೂ ನಕ್ಕೆ. ಕಾರ್ಯಕ್ರಮ ಮುಗಿಯಿತು.

ಮಾರನೆಯ ದಿನ ತುಮಕೂರಿನದೇ ಉಪ್ಪಾರಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಸ್ಟುಡಿಯೊ ಹುಡುಕಿಕೊಂಡು ಬಂದರು. ಮನೆಯಲ್ಲೇ ರವಿಕೆ ಹೊಲಿಯುವವರು, ವಯಸ್ಸು ಐವತ್ತರ ಹತ್ತಿರ. ಬುರ್ಖಾದ ತೋಳಿಗೆ ದಾರದ ತುಂಡುಗಳು ಅಂಟಿದ್ದವು. ಕೂರಿ ಅಂದರೂ ಕೂರಲಿಲ್ಲ.

‘ನಿನ್ನೆ ಗುಬ್ಬಿಯಿಂದ ಮಾತಾಡಿದ್ದು ನನ್ ತಮ್ಮ’ ಅಂದರು.

‘ಒಳ್ಳೇದಾಯ್ತಲ್ಲ, ನಂಬರ್ ಕೊಡ್ತೀನಿ.’

‘ಅವನು ತೀರ್ಕೊಂಡು ಬಹಳ ವರ್ಷ ಆಯ್ತು ಮೇಡಂ. ಮಣ್ಣು ಹಾಕೋ ಮುಂಚೆ ಮುಖ ನೋಡಿದೀನಿ.’

ರೆಕಾರ್ಡಿಂಗ್ ಹಾಕಿದೆವು. ಸ್ಟುಡಿಯೊದ ಬಾಗಿಲು ಮುಚ್ಚಿದರೆ ಹೊರಗಿನ ಒಂದು ಸದ್ದೂ ಒಳಗೆ ಬಾರದು. ಆ ನಿಶ್ಶಬ್ದದಲ್ಲಿ ಅವನ ದನಿ ನಮ್ಮ ನಡುವೆಯೇ ಕೂತು ಮಾತಾಡಿದಂತಿತ್ತು. ಅವನು ತಡೆದು ನಕ್ಕಾಗ ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡರು. ‘ಹತ್ತಿ ಧೂಳು ಕುಡಿದು ಅವನ ಗಂಟಲು ಹಂಗಾಗಿತ್ತು. ಆ ಗೆಜ್ಜೆ ಆಡಿಂದು ಅನ್ನೋದು ನಮ್ಮನೆ ಹೊರಗೆ ಯಾರಿಗೂ ಗೊತ್ತಿಲ್ಲ’ ಅಂದರು.

ಆ ಕರೆ ಬಂದ ನಂಬರಿಗೆ ಫೋನ್ ಮಾಡಿದೆ. ಅದು ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರದ ಟಾರ್ಪಾಲ್ ಅಂಗಡಿಯದು. ಆ ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು.

ಅಂಗಡಿಯಲ್ಲಿದ್ದವನು ಎತ್ತರದ, ಕಪ್ಪನೆಯ ಮನುಷ್ಯ, ಹಣೆಯಲ್ಲಿ ವಿಭೂತಿ. ಆಕೆ ಅವನನ್ನು ನೋಡಿ ನಿಟ್ಟುಸಿರು ಬಿಟ್ಟರು. ತಮ್ಮನ ಹೋಲಿಕೆ ಒಂದಿಷ್ಟೂ ಇರಲಿಲ್ಲ. ಆದರೆ ಅವನು ತಮ್ಮನದೇ ದನಿಯಲ್ಲಿ ‘ಬನ್ನಿ, ಯಾರು ಬೇಕಿತ್ತು?’ ಅಂದಾಗ ಆಕೆ ಟಾರ್ಪಾಲಿನ ಸುರುಳಿಯ ಮೇಲೆ ಕುಸಿದು ಕೂತುಬಿಟ್ಟರು.

ಯಾರು, ಯಾಕೆ ಬಂದೆವು ಅಂತ ನಾನು ಹೇಳಿದೆ. ಅವನು ಕೈಯ ಕೆಲಸ ಬಿಟ್ಟು ನಮ್ಮ ಮುಂದೆ ಕೂತ. ಆಮೇಲೆ ಎಲ್ಲವನ್ನೂ ಹೇಳಿದ. ಅವನು ಅನಾಥರ ಹಾಸ್ಟೆಲಿನಲ್ಲಿ ಬೆಳೆದವನು. ತೊಂಬತ್ತರ ದಶಕದಲ್ಲಿ ಕುಣಿಗಲ್ಲಿನಲ್ಲಿ ಒಬ್ಬ ಸಾಹುಕಾರರ ಕುದುರೆ ಲಾಯದಲ್ಲಿ ಇವರ ತಮ್ಮನ ಜೊತೆ ಕೆಲಸ ಮಾಡಿದ್ದ. ಕುದುರೆಯ ಒಂದು ಮಗ್ಗುಲಲ್ಲಿ ಇವನು, ಇನ್ನೊಂದರಲ್ಲಿ ಅವನು, ಮೈ ಉಜ್ಜುತ್ತಾ ಹಗಲೆಲ್ಲ ಮಾತು. ತಮ್ಮ ಹೇಳುತ್ತಿದ್ದುದೆಲ್ಲ ಮನೆಯ ಕತೆಯೇ. ಆಮೇಲೆ ತಮ್ಮ ಕಾಮಾಲೆಯಾಗಿ ತೀರಿಕೊಂಡ.

‘ಮೊದಮೊದಲು ಅವನ ಕತೆ ಅಂತಾನೇ ಹೇಳ್ತಿದ್ದೆ ಅಕ್ಕ’ ಅಂದ. ‘ನಿಮ್ಮೂರ್ ಯಾವ್ದು, ನಿಮ್ಮವ್ವ ಯಾರು ಅಂತ ಜನ ಕೇಳೋರು. ನಂಗೆ ಹೇಳೋಕೆ ಏನೂ ಇರ್ಲಿಲ್ಲ. ಹಂಗೇ ನಂದು ಅನ್ನೋಕೆ ಶುರು ಮಾಡ್ದೆ. ಈಗ ಯಾವ್ದು ನಂದು, ಯಾವ್ದು ಅವಂದು, ನಂಗೇ ಗೊತ್ತಾಗಲ್ಲ.’

ಆಕೆಯ ಮುಖದ ಬಿಗಿ ಸಡಿಲಿತು. ಇಬ್ಬರ ಒಡನಾಟದಲ್ಲಿ ದನಿ ಕೂಡ ಅಂಟಿಕೊಂಡಿರಬಹುದು ಎಂದು ನಾನೂ ಸಮಾಧಾನ ಮಾಡಿಕೊಂಡೆ. ಅವನು ಚಹಾ ತರಿಸಿದ. ಆಕೆ ಕೇಳಿದರು, ‘ಅಮ್ಮಿ ಬಗ್ಗೆ ಇನ್ನೇನ್ ಹೇಳ್ತಿದ್ದ?’

ಅವನು ಹೇಳುತ್ತಾ ಹೋದ. ಅಮ್ಮಿ ಗಂಜಿಗೆ ಜೀರಿಗೆ ಹಾಕುತ್ತಿದ್ದುದು, ಮಳೆಗಾಲದಲ್ಲಿ ಹತ್ತಿಗೆ ಬೂಷ್ಟು ಹಿಡಿದಾಗ ಅತ್ತದ್ದು. ಆಕೆ ಕಣ್ಣೊರೆಸಿಕೊಳ್ಳುತ್ತಾ ತಲೆಯಾಡಿಸುತ್ತಿದ್ದರು. ಆಮೇಲೆ ಅವನೆಂದ, ‘ಕೊನೆಗಾಲದಲ್ಲಿ ಅಮ್ಮಿಗೆ ನೆನಪು ಕೆಟ್ಟಿತ್ತು. ಹೋಗೋ ದಿನ ಬಾಗ್ಲು ತೆಗೀರಿ, ಮಗು ಹತ್ತಿಯೊಳಗೆ ಉಸಿರು ಕಟ್ತಾವ್ನೆ ಅಂದ್ರು.’

ಆಕೆಯ ತಲೆಯಾಟ ನಿಂತಿತು.

‘ಇದನ್ನ ಯಾರ್ ಹೇಳಿದ್ರು ನಿಂಗೆ?’

‘ಅವನೇ. ಕುದುರೆ ಉಜ್ಜೋವಾಗ.’

‘ಅಮ್ಮಿ ಹೋಗಿದ್ದು ಅವನು ಹೋದ್ಮೇಲೆ ಕಣಪ್ಪ. ಆ ರೂಮಲ್ಲಿ ನಾನೊಬ್ಳೇ ಇದ್ದೆ. ಆ ಮಾತನ್ನ ನಾನು ಯಾರಿಗೂ ಹೇಳಿಲ್ಲ.’

ಅವನು ಲೋಟವನ್ನು ಕೆಳಗಿಟ್ಟ. ‘ಹಂಗಾದ್ರೆ ನಂಗೆ ಯಾರ್ ಹೇಳಿದ್ದು?’ ಅಂದ. ಅವನು ನಟಿಸುತ್ತಿರಲಿಲ್ಲ. ನಮ್ಮಿಬ್ಬರಿಗಿಂತ ಅವನೇ ಹೆಚ್ಚು ಹೆದರಿದ್ದ.

ಆಕೆ ಎದ್ದು ಅವನ ಹತ್ತಿರ ಹೋದರು. ಬೈಯುತ್ತಾರೆ ಅಂದುಕೊಂಡೆ. ತಲೆಯ ಮೇಲೆ ಕೈಯಿಟ್ಟು, ಮಗುವನ್ನು ಮಲಗಿಸುವವರ ಹಾಗೆ ಮೆಲ್ಲಗೆ ಹೇಳಿದರು, ‘ಸಾಕು ಕಣೋ. ಅಮ್ಮಿಗೆ ನಾನು ಬಾಗ್ಲು ತೆಗೆದುಕೊಟ್ಟೆ. ಇನ್ನು ಈ ಮಾತು ಆಡ್ಬೇಡ.’ ಅದನ್ನು ಅವನಿಗೆ ಹೇಳಿದರೋ, ಅವನೊಳಗಿದ್ದ ಇನ್ಯಾರಿಗಾದರೂ ಹೇಳಿದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲವು ತಿಂಗಳು ಅವನ ಸುದ್ದಿಯಿರಲಿಲ್ಲ. ಒಂದು ಮಧ್ಯಾಹ್ನ ಸಾಕುಪ್ರಾಣಿಗಳ ಬಗ್ಗೆ ಮಾತು ನಡೆದಿತ್ತು. ಒಬ್ಬರು ಫೋನ್ ಮಾಡಿ ಕುದುರೆಗಳ ಬಗ್ಗೆ ಹೇಳತೊಡಗಿದರು. ತೆಳ್ಳಗಿನ, ಸ್ವಲ್ಪ ಕೀರಲು ದನಿ. ಎಲ್ಲೂ ತಡೆಯದೆ ಸರಾಗವಾಗಿ ಮಾತಾಡಿದರು. ‘ಎಲ್ಲಿಂದ ಮಾತಾಡ್ತಿದೀರ?’ ಅಂದೆ.

‘ಗುಬ್ಬಿಯಿಂದ ಮೇಡಂ. ಟಾರ್ಪಾಲ್ ಅಂಗ್ಡಿ. ಗುರ್ತು ಸಿಕ್ಲಿಲ್ವಾ? ಹಾಸ್ಟೆಲ್ಲಲ್ಲಿ ಬೆಳೆದೋನು.’

ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಸಹೋದ್ಯೋಗಿ ಗಾಜಿನ ಆಚೆಯಿಂದ, ಲೈನ್ ಸರಿಯಿದೆ ಎಂದು ಸನ್ನೆ ಮಾಡಿದಳು. ಅವನ ಸ್ವಂತ ದನಿಯನ್ನು ನಾನು ಮೊದಲ ಸಲ ಕೇಳುತ್ತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಉಪ್ಪಾರಹಳ್ಳಿಗೆ ಹೋದೆ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಪಕ್ಕದಲ್ಲಿ ರೇಡಿಯೊ ಇತ್ತು.

‘ಕೇಳಿದ್ರಾ?’ ಅಂದೆ.

‘ಕೇಳ್ದೆ’ ಅಂದರು. ಸೂಜಿಗೆ ದಾರ ಪೋಣಿಸಿ, ತುದಿಯನ್ನು ಹಲ್ಲಿನಲ್ಲಿ ಕತ್ತರಿಸಿದರು. ‘ಒಳ್ಳೆ ಹುಡ್ಗ. ಹಬ್ಬಕ್ಕೆ ಊಟಕ್ಕೆ ಬಾ ಅಂತ ಹೇಳ್ಬೇಕು.’

ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಬಹಳ ಹೊತ್ತು ಅತ್ತರು.