ಎರಡು ಬಸ್ಸುಗಳ ಹಾಜರಿ

ಹದಿಮೂರು ಗೈರುಗಳನ್ನೂ ಕೆಂಪು ಶಾಯಿಯಲ್ಲಿ ಹಾಕಿದ್ದೆ. ಒಂದೊಂದರ ಪಕ್ಕದಲ್ಲೂ ವಿದ್ಯಾರ್ಥಿನಿ ಬಾಗಿಲಿಗೆ ಬಂದ ಸಮಯವಿತ್ತು: 10.18, 10.22, 10.20.

ಎರಡು ವರ್ಷದ ಹಿಂದಿನ ಮಾತು. ಎಲ್‌ಎಲ್‌ಎಂ ಮುಗಿಸಿ, ಒಂದು ಟ್ರಸ್ಟ್ ನಡೆಸುತ್ತಿದ್ದ ಫೌಂಡೇಶನ್ ಕೋರ್ಸಿನಲ್ಲಿ ಬೋಧಕಿಯಾಗಿದ್ದೆ. ಕನ್ನಡ, ಉರ್ದು ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವರನ್ನು ಐದು ವರ್ಷದ ಕಾನೂನು ಪದವಿಗೆ ಅಣಿಗೊಳಿಸುವ ಆರು ತಿಂಗಳ ತರಗತಿ ಅದು. ಸಂವಿಧಾನದ ಪರಿಚಯ, ಕಾನೂನಿನ ಇಂಗ್ಲಿಷ್, ವಾದ ಮಂಡನೆ. ಸೋಮವಾರ, ಮಂಗಳವಾರ ಆಳಂದ. ಬುಧವಾರ, ಗುರುವಾರ ಅಫಜಲಪುರ. ಶುಕ್ರವಾರ, ಶನಿವಾರ ಜೇವರ್ಗಿ. ದಿನವೂ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶುಕ್ರವಾರದ ಹೊತ್ತಿಗೆ ಯಾರೊಡನೆಯೂ ಮಾತು ಬೇಡವೆನಿಸುತ್ತಿತ್ತು. ಆದರೆ ಮಾತಾಡುವುದೇ ನನ್ನ ಕೆಲಸ.

ಜೇವರ್ಗಿಯ ತರಗತಿ ಹತ್ತು ಗಂಟೆಗೆ. ಹೆಸರು ಕೂಗುವಾಗ ಇಲ್ಲದವರು ಆಮೇಲೆ ಬಂದು ಕೂರಬಹುದು, ಹಾಜರಿ ಇಲ್ಲ. ನಲವತ್ತು ತರಗತಿಗಳಲ್ಲಿ ಮೂವತ್ತು ಹಾಜರಿ ಇದ್ದವರಿಗಷ್ಟೇ ಕೊನೆಯ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಕಲಬುರಗಿಯಲ್ಲಿ ಹಾಸ್ಟೆಲ್ ಸೀಟು. ಯಡ್ರಾಮಿ ಕಡೆಯ ಹಳ್ಳಿಯ ಶಾಹೀನ್‌ಗೆ ಇಪ್ಪತ್ತೇಳು ಹಾಜರಿ ಇದ್ದವು. ವಾದ ಮಂಡನೆಯಲ್ಲಿ ಅವಳನ್ನು ಮೀರಿಸುವವರು ಮೂರೂ ಊರುಗಳಲ್ಲಿ ಇರಲಿಲ್ಲ. ಹಾಸ್ಟೆಲ್ ಸಿಕ್ಕರೆ ಮಾತ್ರ ಓದು, ಇಲ್ಲವಾದರೆ ಮನೆ ಎಂದು ಅವಳ ತಂದೆ ಮೊದಲೇ ಹೇಳಿದ್ದರು.

ಕೊನೆಯ ವಾರದ ಶುಕ್ರವಾರ, ನಲವತ್ತೂ ತರಗತಿ ಮುಗಿದ ಮೇಲೆ, ಪರೀಕ್ಷೆಗೆ ಅರ್ಹರಾದವರ ಪಟ್ಟಿ ಓದಿದೆ. ತನ್ನ ಹೆಸರು ಬಾರದಿದ್ದಾಗ ಶಾಹೀನ್ ಎದ್ದು ನಿಂತಳು.

"ಮೇಡಂ, ಒಂದು ಮಾತು ಕೇಳ್ಲೇನ್ರಿ? ತೀರ್ಪಿಗಿಂತ ಮೊದಲ ಎದುರಿನವರ ಮಾತು ಕೇಳಬೇಕಂತ ನೀವೇ ಕಲಿಸೀರಿ. ನನ್ನ ಮಾತು ಯಾರ್ ಕೇಳ್ಯಾರ್ರಿ?"

ಹಿಂದಿನ ಬೆಂಚಿನಿಂದ ಅಂದೋಲಾ ಊರಿನ ಶರಣಪ್ಪ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. "ಮೇಡಮ್ಮರ ಮ್ಯಾಲೇ ಕೇಸ್ ಬಿತ್ತಲೇ!"

"ಸುಮ್ಕ ಕೂಡಲೇ ಶರಣ್ಯಾ, ನಿನ್ನ ಸಾಕ್ಷಿಗೆ ಕರದಿಲ್ಲ," ಎಂದಳು ಶಾಹೀನ್, ತಿರುಗಿಯೂ ನೋಡದೆ. ತರಗತಿ ನಕ್ಕಿತು.

ತಡವಾಗಲು ಕಾರಣವೇನೆಂದು ಕೇಳಿದೆ. ಆರು ತಿಂಗಳಲ್ಲಿ ಕೇಳಿದ್ದು ಅದೇ ಮೊದಲು.

"ನಮ್ಮೂರಿಂದ ಯಡ್ರಾಮಿಗೆ ಮೊದಲನೇ ಟಂಟಂ ಆಟೋ ಏಳೂವರಿಗ್ರಿ. ಅದು ಇಳಿದ ಮ್ಯಾಲ ಸಿಗೋ ಬಸ್ ಇಲ್ಲಿ ಮುಟ್ಟೂದು ಹತ್ತೂ ಇಪ್ಪತ್ತಕ್ಕ. ಅದರ ಮೊದಲಿಂದು ಸಿಗಂಗಿಲ್ರಿ." ಮೇಜಿನ ಮೇಲಿದ್ದ ಹಾಜರಿ ಪುಸ್ತಕದತ್ತ ಕೈ ತೋರಿದಳು. "ನಿಮ್ಮ ಬಸ್ ತಡಾ ಆದ್ರ ಕ್ಲಾಸ್ ತಡಾ ಶುರು ಆಗ್ತದ. ನನ್ನ ಬಸ್ ತಡಾ ಆದ್ರ ನಾ ಗೈರುಹಾಜರ್. ಹೌದಲ್ರಿ?"

ನಾಳೆ ಹೇಳುತ್ತೇನೆಂದು ಪುಸ್ತಕ ಮುಚ್ಚಿದೆ.

ಟ್ರಸ್ಟಿಗೆ ಒಪ್ಪಿಸಲೆಂದು ನಾನೊಂದು ಪ್ರವಾಸ ದಿನಚರಿ ಇಟ್ಟಿದ್ದೆ. ಯಾವ ಊರನ್ನು ಎಷ್ಟು ಗಂಟೆಗೆ ಮುಟ್ಟಿದೆ ಎಂಬುದು ಅದರಲ್ಲಿತ್ತು. ಆ ಸಂಜೆ ಮನೆಯಲ್ಲಿ ಅದನ್ನೂ ಹಾಜರಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಶಾಹೀನ್ ಗೈರಾದ ಹದಿಮೂರೂ ದಿನ ನಾನು ಹತ್ತರೊಳಗೆ ತಲುಪಿದ್ದೆ. ಹದಿನಾರು ದಿನ ನಾನೇ ಹತ್ತೂವರೆಯ ಮೇಲೆ ಬಂದಿದ್ದೆ, ಉಳಿದ ಹನ್ನೊಂದು ದಿನ ಹತ್ತೂ ಇಪ್ಪತ್ತೈದರ ಸುಮಾರಿಗೆ. ಆ ಇಪ್ಪತ್ತೇಳೂ ದಿನ ಅವಳು ಬೆಂಚಿನಲ್ಲಿ ಕೂತು ನನಗಾಗಿ ಕಾದಿದ್ದಳು.

ಕೋರ್ಸಿನ ಸಂಯೋಜಕರಿಗೆ ಫೋನ್ ಮಾಡಿದೆ. ಅವರು ವಕೀಲಿ ಬಿಟ್ಟು ವಿಶ್ರಾಂತಿಯಲ್ಲಿದ್ದ ಹಿರಿಯರು.

"ಮೂರು ಗೈರು ತಿದ್ದಿ ಮುಗಿಸಿಬಿಡ್ರಿ ಮೇಡಂ. ಯಾರ್ ನೋಡಾಕ ಬರ್ತಾರ?" ಎಂದರು.

ನಾನು ಬಹಳ ದಣಿದಿದ್ದೆ. ತಿದ್ದುವುದಕ್ಕೆ ಒಂದು ನಿಮಿಷವೂ ಬೇಕಿರಲಿಲ್ಲ. ಆದರೆ ತಿದ್ದಿದರೆ ಅದು ನಾನು ತೋರಿದ ಕರುಣೆಯಾಗುತ್ತಿತ್ತು; ಅವಳು ಕೇಳಿದ್ದು ವಿಚಾರಣೆ. ತನ್ನ ವಿರುದ್ಧದ ದೂರನ್ನು ತಾನೇ ತೀರ್ಮಾನಿಸಬಾರದು ಎಂಬ ನಿಯಮವನ್ನೂ ಅದೇ ಕೋಣೆಯಲ್ಲಿ, ಅದೇ ಕಪ್ಪುಹಲಗೆಯ ಮೇಲೆ ಬರೆದವಳು ನಾನೇ.

"ನೀವೇ ಬರ್ರಿ ಸರ್. ದೂರು ನನ್ನ ಮ್ಯಾಲೇ ಅದ."

ಅವರು ನಿಟ್ಟುಸಿರುಬಿಟ್ಟರು. "ಶನಿವಾರನೂ ಬಿಡಂಗಿಲ್ಲ ನೀವು. ಎಷ್ಟಕ್ಕದ ಬಸ್?"

ಶಾಹೀನ್ ಈಗ ಕಾನೂನು ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ನಿಖರವಾಗಿ ಬರೆದಿಟ್ಟರೆ ನ್ಯಾಯವಾಗಿ ನಡೆದುಕೊಂಡಂತೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಆ ಹದಿಮೂರು ಸಮಯಗಳಲ್ಲಿ ಒಂದೂ ತಪ್ಪಾಗಿರಲಿಲ್ಲ.

ಆ ಫೋನಿನ ಮರುದಿನ ಬೆಳಿಗ್ಗೆ ಸಂಯೋಜಕರೊಂದಿಗೆ ಬಸ್ಸು ಹತ್ತಿದೆ. ಜೇವರ್ಗಿಯ ಕೋಣೆ ಮುಟ್ಟಿದಾಗ 10.34. ಶಾಹೀನ್ ಆಗಲೇ ಬಂದು ಕೂತಿದ್ದಳು. ಕೆಂಪು ಪೆನ್ನು ತೆಗೆದು ಹಾಜರಿ ಪುಸ್ತಕದ ಅಂಚಿನಲ್ಲಿ ನನ್ನ ಹೆಸರು, ಅದರ ಪಕ್ಕದಲ್ಲಿ ಆ ಸಮಯ ಬರೆದೆ. ಎರಡೂ ಪುಸ್ತಕಗಳನ್ನು ಸಂಯೋಜಕರ ಮುಂದಿಟ್ಟು, ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, ಬೆಂಚಿನ ಮೇಲೆ ಹೋಗಿ ಕೂತೆ.